ಮೂವರಲ್ಲಿ ಬಡವ ಯಾರು

ನರ್ಸತ್ತೆಯ ಕಾಗದ ಹಿಂದಿನ ಸಂಜೆಯೇ ಬಂದಿತ್ತು. ಗುಮಾಸ್ತನ ಹೆಂಡತಿ ಅದನ್ನು ಬೆಳಿಗ್ಗೆ ಟೀ ಜೊತೆಗೆ ಕೊಟ್ಟಳು. ರಾತ್ರಿಯೇ ಕೊಟ್ಟರೆ ಗಂಡನ ನಿದ್ದೆ ಹಾಳಾಗುತ್ತದೆ, ಅವನು ಹೊರಳಾಡಿ ತನ್ನ ನಿದ್ದೆಯನ್ನೂ ಹಾಳು ಮಾಡುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಕಾಗದದಲ್ಲಿದ್ದದ್ದು ಐದೇ ಸಾಲು. "ನಾನು ಕೆಲಸದಿಂದ ನಿವೃತ್ತಳಾಗಿದ್ದೇನೆ. ಆಸ್ಪತ್ರೆಯ ಕ್ವಾರ್ಟರ್ಸ್ ಬಿಡಬೇಕು. ಈ ಕಾಗದ ತಲುಪಿದ ಮರುದಿನ ಸಂಜೆ ಆರಕ್ಕೆ ನಡುವಿನವನ ಮನೆಗೆ ಬರುತ್ತೇನೆ, ಮೂವರೂ ಅಲ್ಲಿರಬೇಕು. ತಿಂಗಳಿಗೆ ಯಾರು ಎಷ್ಟು ದುಡಿಯುತ್ತೀರಿ ಎಂದು ಸರಿಯಾಗಿ ಹೇಳಬೇಕು. ಕೇಳಿದ ಮೇಲೆ ನಾನು ಯಾರ ಮನೆಯಲ್ಲಿ ಇರುವುದೆಂದು ತೀರ್ಮಾನಿಸುತ್ತೇನೆ."

ನಡುವಿನವನೆಂದರೆ ಗುಮಾಸ್ತನೇ. ಅವನ ಅಣ್ಣ ಬಸ್ ಸ್ಟಾಪಿನ ಎದುರು ತಳ್ಳುಗಾಡಿಯಲ್ಲಿ ಕಾಲುಚೀಲ, ಕರ್ಚೀಫು ಮಾರುತ್ತಿದ್ದ. ತಮ್ಮ ದರ್ಜಿ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ. ಗುಮಾಸ್ತ ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಕಚೇರಿಯಲ್ಲಿ ಮೂರನೇ ಕೌಂಟರಿನಲ್ಲಿ ಹದಿನೈದು ವರ್ಷದಿಂದ ಕೂತಿದ್ದ. ಅಮ್ಮ ಬೇಗ ತೀರಿಕೊಂಡು, ಅಪ್ಪ ಲಾರಿ ಓಡಿಸುತ್ತಾ ಊರೂರು ತಿರುಗುತ್ತಿದ್ದುದರಿಂದ ಮೂವರನ್ನೂ ಬೆಳೆಸಿದವರು ಅಪ್ಪನ ಈ ತಂಗಿ. ಬೆಳೆಸಿದರು ಎನ್ನುವುದಕ್ಕಿಂತ ಗುಣಪಡಿಸಿದರು ಎನ್ನುವುದೇ ಸರಿ. ಬೆಳಗಿನ ನಾಲ್ಕೂವರೆಗೆ ಏಳಬೇಕು. ತಣ್ಣೀರಲ್ಲಿ ಸ್ನಾನ. ಹಾಸಿಗೆಯ ಚಾದರದ ನಾಲ್ಕು ಮೂಲೆಯೂ ಕಾಗದ ಮಡಿಸಿದ ಹಾಗಿರಬೇಕು. ತಿಂಗಳಿಗೊಮ್ಮೆ ಹರಳೆಣ್ಣೆ. ಹರಳೆಣ್ಣೆ ಕುಡಿಯುವಾಗ ಮುಖ ಕಿವಿಚಿದರೆ ಇನ್ನೊಂದು ಚಮಚ.

ಎರಡು ವರ್ಷದ ಹಿಂದೆ ರಜೆಯೆಂದು ಹತ್ತು ದಿನ ಬಂದು ಗುಮಾಸ್ತನ ಮನೆಯಲ್ಲಿದ್ದರು. ಆ ಹತ್ತು ದಿನದಲ್ಲಿ ಅವನ ಹೆಂಡತಿ ನಾಲ್ಕು ಕಿಲೋ ಇಳಿದಳು. ಎದುರುಮನೆಯಾಕೆ ಸಕ್ಕರೆ ಕೇಳಲು ಬಂದು ಹರಳೆಣ್ಣೆ ಕುಡಿದು ಹೋದಳು.

"ಅವರು ಇಲ್ಲಿ ಉಳಿದ್ರೆ ನಾನು ನಮ್ಮಕ್ಕನ ಮನೆಗೆ ಹೋಗ್ತೀನಿ," ಎಂದಳು ಹೆಂಡತಿ.

"ಎಷ್ಟು ದಿನಕ್ಕೆ?"

"ಅವರು ಎಷ್ಟು ದಿನ ಇರ್ತಾರೋ ಅಷ್ಟು ದಿನಕ್ಕೆ."

ನರ್ಸತ್ತೆಗೆ ಅರವತ್ತು. ಒಂದು ದಿನವೂ ತಲೆನೋವೆಂದು ಮಲಗಿದವರಲ್ಲ. ಗುಮಾಸ್ತ ಮನಸ್ಸಿನಲ್ಲೇ ಲೆಕ್ಕ ಹಾಕಿ ಮೂವತ್ತು ವರ್ಷದವರೆಗೆ ಬಂದು ನಿಲ್ಲಿಸಿದ.

"ಯಾರ ಮನೇಲಿ ಇರ್ತಾರೆ ಅಂತ ಇನ್ನೂ ಹೇಳಿಲ್ಲವಲ್ಲೇ," ಎಂದ.

"ಹೇಳೋದೇನು? ಹೆಚ್ಚು ದುಡಿಯೋನ ಮನೇಲಿ ಇರ್ತಾರೆ. ಅದಕ್ಕೇ ತಾನೆ ಲೆಕ್ಕ ಕೇಳಿರೋದು? ಯಾರಾದ್ರೂ ಬಡವರ ಮನೆ ಹುಡುಕ್ಕೊಂಡು ಹೋಗ್ತಾರಾ? ನಿಮ್ಮ ಅಣ್ಣತಮ್ಮಂದಿರು ಇವತ್ತು ನಾಟಕ ಆಡ್ತಾರೆ ನೋಡ್ತಾ ಇರಿ."

ಅವಳ ಮಾತು ಮುಗಿಯುವ ಮೊದಲೇ ಫೋನು ಬಡಿದುಕೊಂಡಿತು. ಅಣ್ಣ.

"ಲೋ, ಅತ್ತೆ ಕಾಗದ ಬಂತೇನೋ? ನನಗೂ ಬಂತು ಕಣೋ. ಅಳು ಬಂತು. ಅತ್ತೇನ ಇಟ್ಕೊಳ್ಳೋ ಭಾಗ್ಯ ನನಗೆಲ್ಲಿದೆ? ವ್ಯಾಪಾರ ಸತ್ತೇಹೋಗಿದೆ. ನಿನ್ನೆ ಇಡೀ ದಿನ ನಾಲ್ಕು ಕರ್ಚೀಫು ಹೋಯ್ತು, ಅದರಲ್ಲೂ ಒಂದು ಗಾಳಿಗೆ ಹಾರಿಹೋಗಿದ್ದು. ನೀನೇ ಪುಣ್ಯವಂತ. ಒಂದನೇ ತಾರೀಖು ಬಂದ್ರೆ ದುಡ್ಡು ತಾನಾಗೇ ಬಂದು ಬೀಳತ್ತೆ."

ಇದೇ ಅಣ್ಣ ಹೋದ ತಿಂಗಳು ಇದೇ ಮನೆಯಲ್ಲಿ ಊಟಕ್ಕೆ ಕೂತು, "ನಿನ್ನ ತಿಂಗಳ ಸಂಬಳ ನನಗೆ ಎರಡು ವಾರದ್ದು ಕಣೋ. ಕುರ್ಚಿ ಬಿಸಿ ಮಾಡೋಕೆ ಯಾರೂ ಜಾಸ್ತಿ ಕೊಡಲ್ಲ," ಎಂದು ಎಲ್ಲರೆದುರು ನಕ್ಕಿದ್ದ. ಆ ಮಾತು ಗುಮಾಸ್ತನ ಗಂಟಲಲ್ಲಿ ಮುಳ್ಳಿನ ಹಾಗೆ ಒಂದು ತಿಂಗಳು ಕೂತಿತ್ತು. ಈಗ ಅದನ್ನು ಅಣ್ಣನ ಬಾಯಿಂದ ಮತ್ತೆ ಕಕ್ಕಿಸಬೇಕೆಂದರೆ ಬರಹದ ಸಾಕ್ಷಿಯಿಲ್ಲ.

ಅನ್ಯಾಯ ಇರುವುದೇ ಅಲ್ಲಿ. ಬೀದಿಯಲ್ಲಿ ಮಾರುವವನ ದುಡಿಮೆ ಅವನ ಬಾಯಲ್ಲಿರುತ್ತದೆ. ಬೇಕಾದಾಗ ಹಿಗ್ಗಿಸಬಹುದು, ಬೇಡದಾಗ ಕುಗ್ಗಿಸಬಹುದು. ದರ್ಜಿಯ ದುಡಿಮೆ ಅವನ ಮುಖದಲ್ಲಿರುತ್ತದೆ. ಮುಖ ಸಪ್ಪಗೆ ಮಾಡಿದರೆ ಮುಗಿಯಿತು. ಗುಮಾಸ್ತನ ದುಡಿಮೆ ಮಾತ್ರ ಕಚೇರಿಯ ಮೊಹರು ಬಿದ್ದ ಸಂಬಳದ ಚೀಟಿಯಲ್ಲಿರುತ್ತದೆ. ಆ ಚೀಟಿಯ ಮೇಲೆ ಸುಳ್ಳು ಹೇಳಲು ದೇವರಿಗೂ ಸಾಧ್ಯವಿಲ್ಲ. ಮೂವರಲ್ಲಿ ಕಡಿಮೆ ದುಡಿಯುವವನು ತಾನೇ ಎಂದು ಗುಮಾಸ್ತನಿಗೆ ಗೊತ್ತು, ಉಳಿದಿಬ್ಬರಿಗೂ ಗೊತ್ತು. ಆದರೆ ಸಂಜೆ ಆರು ಗಂಟೆಗೆ ಕಣ್ಣಿಗೆ ಕಾಣುವ ಸಂಪಾದನೆ ಇರುವ ಒಬ್ಬನೇ ಮನುಷ್ಯ ಅವನು.

ಅವನು ಕಚೇರಿಗೆ ಫೋನು ಮಾಡಿದ.

"ಹೊಟ್ಟೆ ಸರಿಯಿಲ್ಲ ಸಾರ್."

"ಇವತ್ತು ಬಿಲ್ಲು ಕಟ್ಟೋಕೆ ಕೊನೇ ದಿನ ಕಣ್ರೀ," ಎಂದರು ಸಾಹೇಬರು.

"ತುಂಬಾನೇ ಸರಿಯಿಲ್ಲ ಸಾರ್."

ಫೋನು ಇಟ್ಟು, ಒಂದು ನೋಟುಪುಸ್ತಕ, ಎರಡು ಪೆನ್ನು ಜೇಬಿಗೆ ಹಾಕಿಕೊಂಡು ಹೊರಟ. ಬಾಗಿಲಲ್ಲೇ ಎದುರುಮನೆಯಾಕೆ ಪೊರಕೆ ಹಿಡಿದು ನಿಂತಿದ್ದಳು. ಅವಳು ಗುಡಿಸುತ್ತಿದ್ದದ್ದು ಯಾವಾಗಲೂ ತನ್ನ ಮನೆಯ ಮುಂದೆ, ನೋಡುತ್ತಿದ್ದದ್ದು ಯಾವಾಗಲೂ ಇವರ ಮನೆಯ ಒಳಗೆ.

"ಏನು, ಇವತ್ತು ಟಿಫಿನ್ ಡಬ್ಬಿ ಇಲ್ಲ? ಆಫೀಸಿಗೆ ಹೋಗ್ತಿಲ್ವಾ?"

"ಇಲ್ಲ. ಹೊರಗೆ ಸ್ವಲ್ಪ ಕೆಲಸ ಇದೆ."

"ಹೊರಗೆ ಕೆಲಸ ಹುಡುಕ್ತಿದ್ದೀರಾ?" ಎಂದಳು ಅವಳು ಅಯ್ಯೋ ಪಾಪ ಎನ್ನುವ ದನಿಯಲ್ಲಿ. ಉತ್ತರ ಕೊಟ್ಟರೆ ಇನ್ನೂ ಎರಡು ಪ್ರಶ್ನೆ ಹುಟ್ಟುತ್ತವೆಂದು ಗುಮಾಸ್ತ ಸುಮ್ಮನೆ ನಡೆದ.

ಮೊದಲು ತಮ್ಮನ ಅಂಗಡಿ. ಮೆಟ್ಟಿಲ ಕೆಳಗಿನ ಹಲಗೆ ಬಾಗಿಲು ಮುಚ್ಚಿತ್ತು. ಮೇಲೆ ಸುಣ್ಣದ ಕಡ್ಡಿಯಲ್ಲಿ "ಗಿರಾಕಿ ಇಲ್ಲದ ಕಾರಣ ಮುಚ್ಚಿದೆ" ಎಂದು ಬರೆದಿತ್ತು. ಒಳಗಿನಿಂದ ಯಂತ್ರ ರೈಲಿನ ಹಾಗೆ ಓಡುವ ಸದ್ದು ಬರುತ್ತಿತ್ತು. ಗುಮಾಸ್ತ ಬಾಗಿಲು ತಟ್ಟಿದ. ರೈಲು ನಿಂತಿತು.

"ಯಾರು?"

"ನಾನು ಕಣೋ."

ಒಳಗೆ ಚಿಲಕ ಬಿದ್ದ ಸದ್ದಾಯಿತು. ಆಮೇಲೆ, "ಒಳಗೆ ಯಾರೂ ಇಲ್ಲ ಅಣ್ಣಾ," ಎಂದ ತಮ್ಮ.

ಗುಮಾಸ್ತ ಕಟ್ಟಡ ಸುತ್ತಿ ಹಿಂದೆ ಹೋದ. ಹಿಂದಿನ ಕಿಟಕಿಯಲ್ಲಿ ನಾಲ್ಕು ಹೆಂಗಸರು ಬಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಒಳಗೆ ಮೊಳೆಗೆ ಹನ್ನೊಂದು ಪ್ಯಾಂಟು ನೇತುಹಾಕಿತ್ತು. ಅವನು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡು, ಮೂರನೇ ಹೆಂಗಸನ್ನು ಕೇಳಿ ಒಂದು ಪ್ಯಾಂಟು ಕಿರಿದು ಮಾಡಲು ಎಷ್ಟು ತೆಗೆದುಕೊಳ್ಳುತ್ತಾನೆ ಎಂಬುದನ್ನೂ ಬರೆದುಕೊಂಡ. ತಮ್ಮನ ಕೆಲಸ ಕಾಲು ಗಂಟೆಯಲ್ಲಿ ಮುಗಿಯಿತು. ಮುಖ್ಯ ಬೇಟೆ ಅಣ್ಣನದು.

ಬಸ್ ಸ್ಟಾಪಿನ ಎದುರು ಗಾಡಿಯ ಹತ್ತಿರ ಆಗಲೇ ಏಳೆಂಟು ಜನ ಇದ್ದರು. ಅಣ್ಣ ಎರಡೂ ಕೈಯಲ್ಲಿ ಕಾಲುಚೀಲ ಹಿಡಿದು ಕೂಗುತ್ತಿದ್ದ. ಗುಮಾಸ್ತನನ್ನು ಕಂಡ. ಅವನ ಕೈಯಲ್ಲಿದ್ದ ಪುಸ್ತಕವನ್ನು ಕಂಡ. ಕೂಗು ಅಲ್ಲೇ ನಿಂತಿತು.

"ಆಫೀಸಿಲ್ವೇನೋ?"

"ರಜಾ ಹಾಕಿದೀನಿ. ನೀನು ವ್ಯಾಪಾರ ಮಾಡು ಅಣ್ಣಾ, ನಾನು ಸುಮ್ಮನೆ ನಿಂತಿರ್ತೀನಿ."

ಅಣ್ಣ ಪೆದ್ದನಲ್ಲ. ಇಪ್ಪತ್ತು ವರ್ಷ ಬೀದಿಯಲ್ಲಿ ನಿಂತವನಿಗೆ ಯಾರು ಕೊಳ್ಳಲು ಬಂದವರು, ಯಾರು ನೋಡಲು ಬಂದವರು ಎಂದು ಚಪ್ಪಲಿ ನೋಡಿಯೇ ಗೊತ್ತಾಗುತ್ತದೆ. ಅವನು ಸ್ಟೂಲಿನ ಮೇಲೆ ಕೂತು, ಗಾಡಿಗೆ ಬೆನ್ನು ತಿರುಗಿಸಿದ.

"ಈ ಸಾಕ್ಸು ಹೇಗೆ?" ಎಂದು ಒಬ್ಬ ಹೆಂಗಸು ಕೇಳಿದಳು.

"ಚೆನ್ನಾಗಿಲ್ಲ ಅಮ್ಮಾ."

"ಅಂದ್ರೆ?"

"ಒಂದು ಸಲ ಒಗೆದ್ರೆ ಬಣ್ಣ ಹೋಗತ್ತೆ, ಎರಡು ಸಲ ಒಗೆದ್ರೆ ಸಾಕ್ಸೇ ಹೋಗತ್ತೆ. ಮುಂದಿನ ಅಂಗಡೀಲಿ ತಗೊಳ್ಳಿ."

ಹೆಂಗಸು ಕಾಲುಚೀಲವನ್ನು ತಿರುಗಿಸಿ ನೋಡಿದಳು. ಪಕ್ಕದಲ್ಲಿದ್ದ ಮುದುಕನೊಬ್ಬ ಕನ್ನಡಕ ಸರಿಪಡಿಸಿಕೊಂಡ. "ಅರವತ್ತೆಂಟು ವರ್ಷದಲ್ಲಿ ನಿಜ ಹೇಳೋ ವ್ಯಾಪಾರೀನ ಇವತ್ತೇ ನೋಡಿದ್ದು ನಾನು. ನನಗೆ ಎರಡು ಜೊತೆ ಕೊಡಪ್ಪಾ," ಎಂದ.

"ಕೊಡಲ್ಲ ಅಜ್ಜಾ. ನಿಮ್ಮ ದುಡ್ಡು ದಂಡ."

"ಹಾಗಾದ್ರೆ ನಾಲ್ಕು ಕೊಡು."

ಅಣ್ಣ ಕೈಕಟ್ಟಿ ಕೂತ. ಗುಮಾಸ್ತನ ಪುಟ ಖಾಲಿಯಾಗಿಯೇ ಉಳಿಯಿತು. ಮಾರಾಟವಾಗದಿದ್ದರೆ ಪುಸ್ತಕದಲ್ಲಿ ಬರೆಯುವುದೇನು? ಸಂಜೆ ಅತ್ತೆಗೆ ತೋರಿಸುವುದೇನು? ಮುದುಕ ದುಡ್ಡು ಹಿಡಿದು ನಿಂತಿದ್ದಾನೆ, ಗಾಡಿಯಲ್ಲಿ ಮಾಲಿದೆ, ನಡುವೆ ಕೊಡುವ ಕೈ ಮಾತ್ರ ಇಲ್ಲ. ಗುಮಾಸ್ತ ಗಾಡಿಯ ಹಿಂದೆ ಹೋಗಿ ನಾಲ್ಕು ಜೊತೆ ಎತ್ತಿ ಕೊಟ್ಟ, ದುಡ್ಡು ತೆಗೆದುಕೊಂಡ, ಬರೆದುಕೊಂಡ.

"ಏಯ್, ನನ್ನ ಗಾಡಿ ಮುಟ್ಟಬೇಡ!"

"ನಿನ್ನ ದುಡ್ಡು ನಿನ್ನ ಡಬ್ಬಿಗೇ ಹಾಕ್ತಿದೀನಲ್ಲ. ಬೇಡವಾ?"

ಇಷ್ಟು ಜನರ ಎದುರು ದುಡ್ಡು ಬೇಡ ಎನ್ನಲು ಅಣ್ಣನ ನಾಲಿಗೆ ಏಳಲಿಲ್ಲ. ಅದಕ್ಕೆ ಆ ಅಭ್ಯಾಸವಿರಲಿಲ್ಲ.

ಅಲ್ಲಿಂದ ಮುಂದೆ ನಡೆದದ್ದನ್ನು ಆ ಬೀದಿಯವರು ಯಾವತ್ತೂ ನೋಡಿರಲಿಲ್ಲ. ಗಾಡಿಯ ಯಜಮಾನ ಒಂದು ಕಡೆ ನಿಂತು, "ಹರಿದುಹೋಗತ್ತೆ, ತಗೋಬೇಡಿ! ಕಾಲು ಕೆರೆತ ಬರತ್ತೆ!" ಎಂದು ಕೂಗುತ್ತಿದ್ದ. ನೀರಿನ ಕಚೇರಿಯ ಗುಮಾಸ್ತ ಇನ್ನೊಂದು ಕಡೆ ನಿಂತು, "ಬನ್ನಿ, ಬನ್ನಿ!" ಎಂದು ಕರೆಯುತ್ತಿದ್ದ. ಜಗಳ ನೋಡಲು ಜನ ಬಂದರು. ಬಂದವರು ಬರಿಗೈಲಿ ನಿಂತರೆ ಚೆನ್ನಾಗಿರದು ಎಂದು ಒಂದೊಂದು ಕರ್ಚೀಫು ಕೊಂಡರು. ಅಣ್ಣ ಎಷ್ಟು ಬೈದನೋ ಮಾಲು ಅಷ್ಟು ಹೋಯಿತು. ಯಜಮಾನನೇ ಮಾರಲು ಒಪ್ಪದ ಮಾಲಿನಲ್ಲಿ ಏನೋ ವಿಶೇಷ ಇರಬೇಕೆಂದು ರಸ್ತೆಯ ಆ ಬದಿಯವರಿಗೂ ಅನ್ನಿಸತೊಡಗಿತು.

ಗುಂಪು ಹೆಚ್ಚಿದಾಗ ಗುಮಾಸ್ತನ ಹದಿನೈದು ವರ್ಷದ ಅಭ್ಯಾಸ ಎಚ್ಚರವಾಯಿತು. ಜನ ಗುಂಪಾಗಿ ನಿಂತರೆ ಅವನಿಗೆ ಮೈ ಉರಿಯುತ್ತದೆ. "ಸಾಲಾಗಿ ನಿಲ್ಲಿ! ಸಾಲಾಗಿ! ಚಿಲ್ಲರೆ ಕೈಯಲ್ಲಿ ಹಿಡ್ಕೊಂಡು ಬನ್ನಿ! ನಿಮ್ಮ ಸರದಿ ಬಂದಾಗ ಬ್ಯಾಗಲ್ಲಿ ಹುಡುಕಬೇಡಿ!" ಎಂದು ಗದರಿದ. ಜನ ಸಾಲಾಗಿ ನಿಂತರು. ಸಾಲು ಬಸ್ ಸ್ಟಾಪಿನವರೆಗೆ ಬೆಳೆಯಿತು. ಬಸ್ಸಿನಿಂದ ಇಳಿದವರು ಇದು ಏತಕ್ಕೆ ಎಂದು ಕೇಳದೆ ಕೊನೆಯಲ್ಲಿ ನಿಂತರು. ಸಾಲೆಂದರೆ ಏನೋ ಮುಗಿದುಹೋಗುತ್ತಿದೆ ಎಂದೇ ಅರ್ಥವಲ್ಲವೇ?

ಹನ್ನೊಂದು ಗಂಟೆಗೆ ಎದುರುಮನೆಯಾಕೆ ತರಕಾರಿ ಚೀಲ ಹಿಡಿದು ಬಂದು ಸಾಲಿನ ಪಕ್ಕ ನಿಂತಳು. ನೋಡಿದಳು. ಕಣ್ಣಲ್ಲಿ ನೀರು ತಂದುಕೊಂಡಳು. "ಇಂಥ ಗತಿ ಬರಬಾರದಿತ್ತು," ಎಂದು ಒಂದು ಕರ್ಚೀಫು ಕೊಂಡು, ಚಿಲ್ಲರೆ ವಾಪಸು ತೆಗೆದುಕೊಳ್ಳದೆ ಹೋದಳು. ಗುಮಾಸ್ತ ಆ ಚಿಲ್ಲರೆಯನ್ನೂ ಲಾಭದ ಕಡೆ ಬರೆದುಕೊಂಡ.

ಊಟದ ಹೊತ್ತಿಗೆ ಒಬ್ಬರು ಸಾಲು ಬಿಟ್ಟು ನೇರ ಮುಂದೆ ಬಂದು, "ಒಂದು ಕರ್ಚೀಫು ಕೊಡಿ," ಎಂದರು. ಗುಮಾಸ್ತ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಸಾಲಲ್ಲಿ ಬನ್ನಿ."

"ಒಂದೇ ಕರ್ಚೀಫು ಕಣ್ರೀ. ಬೆವರು ಸುರೀತಿದೆ."

"ಒಂದಾದ್ರೂ ಅಷ್ಟೆ, ಹತ್ತಾದ್ರೂ ಅಷ್ಟೆ. ಎಲ್ಲರಿಗೂ ಬೆವರತ್ತೆ. ಓದಿದವರ ಥರ ಮಾತಾಡ್ತೀರಿ, ನಿಮಗೇ ಹೇಳಬೇಕಾ?"

ಆ ಮನುಷ್ಯ ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ಇಪ್ಪತ್ತು ನಿಮಿಷ ಕಾದರು. ಅವರ ಸರದಿ ಬಂತು.

"ಎಷ್ಟು ಬೇಕು?"

"ಒಂದು. ಹೊಟ್ಟೆ ಹೇಗಿದೆ?"

ಗುಮಾಸ್ತ ತಲೆ ಎತ್ತಿದ. ಎದುರಿಗೆ ಸಾಹೇಬರು. ಮೂರನೇ ಕೌಂಟರ್ ಮುಚ್ಚಿದ್ದಕ್ಕೆ ಬೆಳಿಗ್ಗೆಯಿಂದ ಇನ್ನೂರು ಜನ ಅವರನ್ನು ಬೈದಿದ್ದರು. ಅವರ ಸ್ವಂತ ಕರ್ಚೀಫು ಹಿಂಡುವಷ್ಟು ಒದ್ದೆಯಾಗಿತ್ತು.

"ಪರವಾಗಿಲ್ಲ ಸಾರ್. ಈಗ ಸ್ವಲ್ಪ ಕಮ್ಮಿ."

"ಎಷ್ಟಾಯ್ತು ಇದಕ್ಕೆ?"

"ಬೇಡ ಸಾರ್, ಇಟ್ಕೊಳ್ಳಿ."

"ಲಂಚ ಬೇರೆ ಕೊಡ್ತೀರಾ?" ಎಂದು ಸಾಹೇಬರು ಸರಿಯಾದ ಚಿಲ್ಲರೆ ಎಣಿಸಿಟ್ಟು, ಹೊಸ ಕರ್ಚೀಫಿನಿಂದ ಹಣೆ ಒರೆಸಿಕೊಳ್ಳುತ್ತಾ ಹೋದರು.

ಗುಮಾಸ್ತನಿಗೆ ಗಾಡಿ ಬಿಟ್ಟು ಓಡಿಹೋಗಬೇಕೆನ್ನಿಸಿತು. ಆದರೆ ಸಾಲಿನಲ್ಲಿ ಇನ್ನೂ ಮೂವತ್ತು ಜನ ಇದ್ದರು. ನಾಳೆಯ ಗತಿ ನಾಳೆಗೆ. ಮೂವತ್ತು ವರ್ಷದ ಗತಿ ಇವತ್ತು ಸಂಜೆ ಆರಕ್ಕೆ. ಅವನು ಮುಂದಿನವರನ್ನು ಕರೆದ.

ನಾಲ್ಕು ಗಂಟೆಗೆ ಗಾಡಿ ಖಾಲಿ. ಅಣ್ಣನ ಗಂಟಲು ಕಟ್ಟಿಹೋಗಿತ್ತು. "ಹಾಳಾದವನೇ," ಎಂದ ಪಿಸುಮಾತಿನಲ್ಲಿ, "ಇಪ್ಪತ್ತು ವರ್ಷದಲ್ಲಿ ಇಷ್ಟು ವ್ಯಾಪಾರ ಆಗಿರಲಿಲ್ಲ ಕಣೋ."

"ಅದನ್ನ ಅತ್ತೆ ಮುಂದೆ ಹೇಳು," ಎಂದ ಗುಮಾಸ್ತ.

ಆರು ಗಂಟೆಗೆ ಸರಿಯಾಗಿ, ಗಡಿಯಾರವೇ ಹೆದರಿ ಬಡಿಯಿತು ಎನ್ನುವ ಹಾಗೆ, ನರ್ಸತ್ತೆ ಎರಡು ಕಬ್ಬಿಣದ ಪೆಟ್ಟಿಗೆಗಳ ಜೊತೆ ಬಂದರು. ನಡುಮನೆಯ ಒಂದೇ ಒಳ್ಳೆಯ ಕುರ್ಚಿಯಲ್ಲಿ ಬೆನ್ನು ತಾಗಿಸದೆ ಕೂತರು. ಮೂವರೂ ನಲವತ್ತು ದಾಟಿದವರು, ದಾಟುತ್ತಿರುವವರು. ಆದರೂ ಕೇಳದೆಯೇ ಕೈ ಮುಂದೆ ಚಾಚಿ ಉಗುರು ತೋರಿಸಿದರು. ಎದುರುಮನೆಯಾಕೆ ಎರಡು ವರ್ಷದ ಹಿಂದೆ ಒಯ್ದ ಸಕ್ಕರೆ ಹಿಂತಿರುಗಿಸುವ ನೆಪದಲ್ಲಿ ಬಂದು ಬಾಗಿಲ ಹತ್ತಿರ ನಿಂತಳು. ಹೆಂಡತಿ ಅಡುಗೆಮನೆಯಿಂದ ಇಣುಕುತ್ತಿದ್ದಳು. ಅವಳ ಬಟ್ಟೆಯ ಬ್ಯಾಗು ಆಗಲೇ ತುಂಬಿ ಬಾಗಿಲ ಹಿಂದಿತ್ತು.

"ದೊಡ್ಡೋನೇ, ಶುರು ಮಾಡು," ಎಂದರು ಅತ್ತೆ.

"ಏನು ಹೇಳೋದು ಅತ್ತೆ. ತಿಂಗಳಿಗೆ ಎಂಟು ಸಾವಿರ ಬಂದ್ರೆ ಹೆಚ್ಚು. ಬಿಸಿಲು, ಧೂಳು, ನಿಮ್ಮ ಸೊಸೆಗೆ ಒಂದು ಒಳ್ಳೆ ಸೀರೆ..."

"ಅತ್ತೆ, ಇದನ್ನ ನೋಡಿ," ಎಂದು ಗುಮಾಸ್ತ ಪುಸ್ತಕ ಬಿಚ್ಚಿದ. "ಇವತ್ತು ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ನೂರಾ ಹನ್ನೆರಡು ಜೊತೆ ಸಾಕ್ಸು, ಎಂಬತ್ನಾಲ್ಕು ಕರ್ಚೀಫು. ಸಾಕ್ಸಿಗೆ ಹತ್ತು, ಕರ್ಚೀಫಿಗೆ ಐದು ಲಾಭ. ಸಗಟು ಅಂಗಡಿ ಬಿಲ್ಲು ಗಾಡಿ ಕೆಳಗೇ ಇತ್ತು, ನಾನೇ ನೋಡಿದೆ. ತಿಂಗಳಿಗೆ ಇಪ್ಪತ್ತಾರು ದಿನ ಅಂದ್ರೂ ನಲವತ್ತು ಸಾವಿರದ ನಲವತ್ತು."

"ಅದು ಇವನು ಮಾರಿದ್ದು ಅತ್ತೆ!" ಎಂದು ಅಣ್ಣ ಕಟ್ಟಿದ ಗಂಟಲಲ್ಲಿ ಕೂಗಿದ. "ನಾನು ಬೇಡ ಬೇಡ ಅಂತಿದ್ದೆ!"

"ನಿನ್ನ ಮಾಲನ್ನ ನೀನು ಬೇಡ ಅಂತಿದ್ಯಾ?" ಎಂದರು ಅತ್ತೆ. "ನಾಲಿಗೆ ತೋರಿಸು."

ಅಣ್ಣ ನಾಲಿಗೆ ತೋರಿಸಿದ. ಅಲ್ಲಿಗೆ ಅವನ ವಾದ ಮುಗಿಯಿತು.

"ಚಿಕ್ಕೋನೇ."

ತಮ್ಮ ಎದ್ದು ನಿಂತ. ಅವನ ಪ್ಯಾಂಟು ಹೊಟ್ಟೆಯ ಹತ್ತಿರ ಎರಡು ಮುಷ್ಟಿ ಸಡಿಲವಾಗಿತ್ತು, ಕೆಳಗೆ ಮೊಣಕಾಲಿಗಿಂತ ಸ್ವಲ್ಪವೇ ಉದ್ದವಿತ್ತು. "ಗಿರಾಕಿಗಳು ಹೊಲಿಯೋಕೆ ಕೊಟ್ಟು ವಾಪಸು ಬರೋದೇ ಇಲ್ಲ ಅತ್ತೆ. ಅವರು ಬಿಟ್ಟು ಹೋದದ್ದನ್ನೇ ಹಾಕ್ಕೊಂಡು ದಿನ ತಳ್ತಿದೀನಿ."

"ಹಿಂದಿನ ಕಿಟಕಿ," ಎಂದ ಗುಮಾಸ್ತ. "ನಾಲ್ಕು ಜನ ಕಾಯ್ತಿದ್ರು. ಹನ್ನೊಂದು ಪ್ಯಾಂಟು ನೇತಾಡ್ತಿತ್ತು. ಎಲ್ಲ ಬರೆದಿದೀನಿ. ಮೂವತ್ತು ಸಾವಿರಕ್ಕೆ ಕಮ್ಮಿ ಇಲ್ಲ."

ತಮ್ಮ ಪ್ಯಾಂಟು ಹಿಡಿದುಕೊಂಡು ಕೂತ.

"ನಿಂದು?"

ಗುಮಾಸ್ತ ಸಂಬಳದ ಚೀಟಿಯನ್ನು ಎರಡೂ ಕೈಯಲ್ಲಿ ಕೊಟ್ಟ. ಮೇಲಿನ ಅಂಕಿ ಇಪ್ಪತ್ತೆಂಟು ಸಾವಿರ. ಅದರ ಕೆಳಗೆ ಕಡಿತಗಳು. ಸಂಘದ ಸಾಲ, ವಿಮೆ, ಭವಿಷ್ಯನಿಧಿ, ಇನ್ನೂ ಏನೇನೋ. ಕೊನೆಗೆ ಕೈಗೆ ಬರುವುದು ಇಪ್ಪತ್ತೊಂದು ಸಾವಿರದ ಮುನ್ನೂರು. ಅತ್ತೆ ಕನ್ನಡಕದ ಕೆಳಗಿನಿಂದ ಓದಿದರು. ಓದುತ್ತಿದ್ದ ಹಾಗೆ ಬಾಗಿಲಲ್ಲಿ ಇನ್ನೊಂದು ತಲೆ ಕಾಣಿಸಿತು. ಅದೇ ಬೀದಿಯ ಕೊನೆಯಲ್ಲಿ ಮನೆ ಮಾಡಿದ್ದ, ಕಚೇರಿಯ ಕ್ಯಾಷಿಯರ್.

"ಬೇಜಾರು ಮಾಡ್ಕೋಬೇಡಪ್ಪಾ," ಎಂದು ಅವನು ಒಂದು ಲಕೋಟೆ ಚಾಚಿದ. "ಸಾಹೇಬರು ಊಟದಿಂದ ಬಂದು ಮೊದಲು ಮಾಡಿದ ಕೆಲಸ ಇದೇ. ಟೈಪು ಮಾಡಿಸಿ ನನ್ನ ಕೈಯಲ್ಲೇ ಕಳಿಸಿದಾರೆ."

ಅದು ಮೆಮೊ. ಸುಳ್ಳು ರಜಾ ಹಾಕಿ ಬೀದಿಯಲ್ಲಿ ಖಾಸಗಿ ವ್ಯಾಪಾರ ಮಾಡಿದ್ದಕ್ಕಾಗಿ ಇವತ್ತಿನ ಸಂಬಳ ಕಟ್, ಮುಂದಿನ ಎರಡು ವರ್ಷದ ಇನ್‌ಕ್ರಿಮೆಂಟ್ ಕಟ್. ಇನ್ನು ಮುಂದೆ ಹೊರಗೆ ಸಂಪಾದನೆ ಮಾಡುವ ಹಾಗಿಲ್ಲ. ಗುಮಾಸ್ತ ಓದಿದ. ಮೊದಲು ಅವನ ಮುಖ ಬಿಳಚಿತು. ಆಮೇಲೆ ನಿಧಾನವಾಗಿ ಅರಳಿತು. ಕ್ಯಾಷಿಯರ್ ತನ್ನ ಇಡೀ ಸರ್ವಿಸಿನಲ್ಲಿ ಮೆಮೊ ಓದಿ ನಗುವ ಮನುಷ್ಯನನ್ನು ನೋಡಿರಲಿಲ್ಲ.

"ಅತ್ತೆ, ಇದನ್ನೂ ಸೇರಿಸಿಕೊಳ್ಳಿ!" ಎಂದು ಗುಮಾಸ್ತ ಮೆಮೊವನ್ನು ಚೀಟಿಯ ಮೇಲಿಟ್ಟ. "ಮೊಹರು ಇದೆ, ಸಹಿ ಇದೆ. ಮೂವರಲ್ಲಿ ಬಡವ ಯಾರು ಅಂತ ಇನ್ನು ನಾನು ಬಾಯಿಬಿಟ್ಟು ಹೇಳಬೇಕಾ?"

ಅಣ್ಣ ತಲೆ ಮೇಲೆ ಕೈಹೊತ್ತು ಕೂತ. ಅವನ ಕಣ್ಣೆದುರು ನಾಲ್ಕೂವರೆಯ ತಣ್ಣೀರು ಹರಿಯುತ್ತಿತ್ತು. ಒಳಗೆ ಹೆಂಡತಿ ಬ್ಯಾಗಿನಿಂದ ಸೀರೆಗಳನ್ನು ತೆಗೆದು ಮತ್ತೆ ಕಪಾಟಿಗೆ ಇಡತೊಡಗಿದಳು.

ನರ್ಸತ್ತೆ ಎರಡೂ ಕಾಗದ ಮಡಿಸಿದರು. ಮೂಲೆಗೆ ಮೂಲೆ ಸರಿಯಾಗಿ.

"ಸರಿ. ವಾರ್ಡಿಗೆ ಹೋದ್ರೆ ನಾನು ಮೊದಲು ಕೇಳ್ತಿದ್ದದ್ದು ಒಂದೇ. ತುಂಬಾ ಸೀರಿಯಸ್ ಆಗಿರೋ ಪೇಷೆಂಟ್ ಯಾರು? ಅವರ ಮಂಚದ ಪಕ್ಕ ನನ್ನ ಕುರ್ಚಿ ಹಾಕಿಸ್ತಿದ್ದೆ. ಗಟ್ಟಿಯಾಗಿರೋರಿಗೆ ನರ್ಸ್ ಯಾಕೆ? ಔಷಧಿ ಚೀಟಿ ಕೊಟ್ರೆ ಸಾಕು." ಅವರು ಅಣ್ಣನ ಕಡೆ ತಿರುಗಿದರು. "ದೊಡ್ಡೋನೇ, ನಿನ್ನ ವ್ಯಾಪಾರ ಚೆನ್ನಾಗಿದೆ. ಬೀದೀಲಿ ಯಾಕೆ ನಿಲ್ತೀಯ? ನನಗೆ ನಿವೃತ್ತಿಗೆ ಒಟ್ಟಿಗೆ ಬಂದಿರೋ ದುಡ್ಡು ನಿಂಗೆ ಕೊಡ್ತೀನಿ, ಅಂಗಡಿ ಹಾಕು. ಚಿಕ್ಕೋನೇ, ತಿಂಗಳ ಪಿಂಚಣಿ ನಿಂಗೆ, ಇನ್ನೊಂದು ಹೊಲಿಗೆ ಯಂತ್ರ ಕಂತಿನ ಮೇಲೆ ತಗೋ. ಆಮೇಲೆ ನಿನ್ನ ಅಳತೆಯ ಪ್ಯಾಂಟು ಹೊಲ್ಕೋ."

"ಮತ್ತೆ... ನೀವು ಅತ್ತೆ?" ಎಂದ ಗುಮಾಸ್ತ.

"ನಾನು ಇಲ್ಲೇ ಇರ್ತೀನಿ. ಇಷ್ಟು ಕಡಿಮೆ ದುಡ್ಡಲ್ಲಿ ಇಷ್ಟು ಸಡಿಲವಾಗಿ ಮನೆ ನಡೆಸಿದ್ರೆ ಉಳಿಯೋದೇನು? ಬಡತನ ಅನ್ನೋದು ಶಿಸ್ತಿಲ್ಲದೆ ಬರೋ ಕಾಯಿಲೆ. ಗುಣ ಮಾಡ್ತೀನಿ."

ಒಳಗೆ ಕಪಾಟಿನ ಬಾಗಿಲು ದಡ್ಡೆಂದಿತು. ಸೀರೆಗಳು ಮತ್ತೆ ಬ್ಯಾಗಿಗೆ ಹೋಗುವ ಸದ್ದು ಕೇಳಿತು.

ಗುಮಾಸ್ತ ಎದ್ದು ನಿಂತ. "ಅತ್ತೆ, ಆ ಚೀಟಿ ಪೂರ್ತಿ ನಿಜ ಅಲ್ಲ! ಕಡಿತ ಅಂತ ಇದೆಯಲ್ಲ, ಅದು ಅರ್ಧಕ್ಕರ್ಧ ಉಳಿತಾಯ! ನನ್ನದೇ ದುಡ್ಡು, ಆಮೇಲೆ ವಾಪಸು ಬರತ್ತೆ! ಮೇಲಿಂದ ಓವರ್‌ಟೈಮು ಬೇರೆ ಇದೆ, ಅದು ಇದರಲ್ಲಿ ಇಲ್ಲ! ನಾನು ಚೆನ್ನಾಗಿದೀನಿ ಅತ್ತೆ!"

"ಪಾಪ," ಎಂದ ಅಣ್ಣ. ಅವನ ಗಂಟಲು ಆಶ್ಚರ್ಯವಾಗುವಷ್ಟು ಸರಿಹೋಗಿತ್ತು. "ಮರ್ಯಾದೆಗೆ ಅಂಜಿ ಹಾಗಂತಾನೆ ಅತ್ತೆ. ಚಿಕ್ಕಂದಿನಿಂದ ಅವನು ಹಾಗೇ. ಕಷ್ಟ ಹೇಳ್ಕೊಳ್ಳಲ್ಲ."

"ಬೆಳಿಗ್ಗೆ ನನ್ನ ಅಂಗಡಿ ಹಿಂದೆ ಬಂದು ಪ್ಯಾಂಟುಗಳನ್ನ ಹೇಗೆ ನೋಡ್ತಿದ್ದ ಅಂತೀರಿ," ಎಂದ ತಮ್ಮ ಕಣ್ಣೊರೆಸಿಕೊಂಡು. "ಹಾಕ್ಕೊಳ್ಳೋಕೆ ಇಲ್ಲ ಅಂತ ಆಗಲೇ ನನಗೆ ಅನ್ನಿಸ್ತು."

"ಬೆಳಗಿಂದ ಬಿಸಿಲಲ್ಲಿ ನಿಂತು ಕರ್ಚೀಫು ಮಾರಿದಾರೆ," ಎಂದಳು ಎದುರುಮನೆಯಾಕೆ. "ನಾನು ಕಣ್ಣಾರೆ ನೋಡಿದೀನಿ. ನೋಡೋಕಾಗದೆ ಚಿಲ್ಲರೆ ಬಿಟ್ಟು ಬಂದೆ."

"ಓವರ್‌ಟೈಮು ಹೋದ ವರ್ಷವೇ ನಿಲ್ಲಿಸಿದಾರೆ," ಎಂದ ಕ್ಯಾಷಿಯರ್. ಅವನಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ, ಯಾರ ಕಡೆ ಮಾತಾಡುತ್ತಿದ್ದೇನೆ ಎಂಬುದೂ ಗೊತ್ತಿರಲಿಲ್ಲ.

ಹೆಂಡತಿ ಬ್ಯಾಗು ಹಿಡಿದು ಹೊರಗೆ ಬಂದಳು. ಅತ್ತೆ ಬ್ಯಾಗಿನ ಹಿಡಿಗೆ ಕೈಹಾಕಿದರು.

"ಎಲ್ಲಿಗಮ್ಮಾ?"

"ಅಕ್ಕನ ಮನೆಗೆ."

"ಹೋಗಿಬರೋಕೆ ಬಸ್ ಚಾರ್ಜು ಎಷ್ಟು? ಗಂಡನ ಸ್ಥಿತಿ ನೋಡಿದ್ಯಾ? ಒಳಗಿಡು. ಪರಿಸ್ಥಿತಿ ಸುಧಾರಿಸಿದ ಮೇಲೆ ಹೋಗುವೆಯಂತೆ."

ಬ್ಯಾಗು ಒಳಗೆ ಹೋಯಿತು. ಗುಮಾಸ್ತ ಹತ್ತಿರ ಕಂಡದ್ದರ ಮೇಲೆ ಕುಸಿದು ಕೂತ. ಅದು ಅತ್ತೆಯ ಪೆಟ್ಟಿಗೆ.

"ಇನ್ನೊಂದು ವಿಷಯ," ಎಂದರು ಅತ್ತೆ. "ಒಂದೇ ದಿನದಲ್ಲಿ ನೂರಾ ಹನ್ನೆರಡು ಜೊತೆ ಮಾರಿದೀಯ. ನಿನ್ನ ಕೈಯಲ್ಲಿ ಗುಣ ಇದೆ. ದೊಡ್ಡೋನ ಹೊಸ ಅಂಗಡೀಲಿ ಸಂಜೆ ಹೊತ್ತು, ಭಾನುವಾರ ಪೂರ್ತಿ, ನೀನು ನಿಂತ್ಕೋ."

ಗುಮಾಸ್ತನಿಗೆ ಮುಳುಗುತ್ತಿರುವವನಿಗೆ ಹಗ್ಗ ಸ್ವಲ್ಪ ದೂರದಲ್ಲಿ ಕಂಡ ಹಾಗಾಯಿತು. ನಲವತ್ತು ಸಾವಿರದ ವ್ಯಾಪಾರ. ಅದರಲ್ಲಿ ಒಂದು ಪಾಲು ಸಿಕ್ಕಿದರೂ ಬಡತನ ಹೋಗುತ್ತದೆ. ಬಡತನ ಹೋದರೆ ಅತ್ತೆಯೂ ಹೋಗುತ್ತಾರೆ.

"ಸಂಬಳ ಎಷ್ಟು ಕೊಡ್ತೀಯ ಅಣ್ಣಾ?" ಎಂದು ಕೇಳಿದ.

ಅಣ್ಣ ಬಾಯಿ ತೆರೆಯುವ ಮೊದಲೇ ಅತ್ತೆ ಮಡಿಸಿದ ಮೆಮೊವನ್ನು ಬಿಚ್ಚಿ, ಬೆರಳಿಟ್ಟು ತೋರಿಸಿದರು. "ನೋಡು, ಇಲ್ಲಿ ಬರೆದಿದಾರೆ, ನೀನು ಹೊರಗೆ ದುಡ್ಡು ಸಂಪಾದಿಸೋ ಹಾಗಿಲ್ಲ. ಸಂಬಳ ತಗೊಂಡ್ರೆ ತಾನೆ ತಪ್ಪು? ತಗೋಬೇಡ."

"ಅದೇ ಸರಿ ಅತ್ತೆ. ಇವನ ಕೆಲಸಕ್ಕೆ ಕುತ್ತು ಬರಬಾರದು," ಎಂದ ಅಣ್ಣ ತುಂಬ ಕಾಳಜಿಯಿಂದ. ಆಮೇಲೆ ತಮ್ಮನ ಕಡೆ ನೋಡಿ, "ಬಾರೋ, ಒಂದು ಕೈ ಹಿಡಿ," ಎಂದ.

ಇಬ್ಬರೂ ಸೇರಿ ಗುಮಾಸ್ತನನ್ನು ಪೆಟ್ಟಿಗೆಯ ಮೇಲಿಂದ ಎಬ್ಬಿಸಿ, ಪೆಟ್ಟಿಗೆಯನ್ನು ಹೊತ್ತು ಅವನು ಮಲಗುವ ಕೋಣೆಯೊಳಗೆ ಇಟ್ಟುಬಂದರು.